ಇಸಿ2ನಲ್ಲಿದ್ದ ಹಳೇ ಡಿಸ್ಕನ್ನೇ ಕುಬರ್ನೆಟಿಸ್‌ಗೆ ಜೋಡಿಸಲು ಹೋದೆ, ಪೋಸ್ಟ್‌ಗ್ರೆಸ್ ಖಾಲಿಯಾಗಿ ಎದ್ದಿದೆ

ತುಂಗಾತೀರ:

ನಮಸ್ಕಾರ ಎಲ್ಲರಿಗೂ. ನಿನ್ನೆ ರಾತ್ರಿ ಹನ್ನೊಂದರಿಂದ ಇದರ ಹಿಂದೆ ಬಿದ್ದಿದ್ದೇನೆ, ಯಾರಾದರೂ ದಾರಿ ಹೇಳಿ.

ನಮ್ಮದು ಐದು ಜನರ ತಂಡ. ಮುಂಬೈ ರೀಜನ್‌ನಲ್ಲಿ ಒಂದು ಇಸಿ2 ಮಷೀನು (ಅಮೆಜಾನ್ ಕ್ಲೌಡಿನ ಬಾಡಿಗೆ ಸರ್ವರ್), ಉಬುಂಟು 22.04, ಅದರಲ್ಲಿ ಪೋಸ್ಟ್‌ಗ್ರೆಸ್ 14 ಡೇಟಾಬೇಸ್. ಡೇಟಾಗೆ ಅಂತಲೇ ಬೇರೆ 200 ಜಿಬಿ ಇಬಿಎಸ್ ಡಿಸ್ಕ್ (ಬಿಚ್ಚಿ ಬೇರೆ ಮಷೀನಿಗೆ ಜೋಡಿಸಬಹುದಾದ ಕ್ಲೌಡ್ ಡಿಸ್ಕ್) ಇದೆ, ಅದು /ವಾರ್/ಲಿಬ್/ಪೋಸ್ಟ್‌ಗ್ರೆಸ್ಕ್ಯೂಎಲ್ ಮೇಲೆ ಮೌಂಟ್ ಆಗಿದೆ. ಉಳಿದ ಸರ್ವಿಸ್‌ಗಳೆಲ್ಲ ಆಗಲೇ ಇಕೆಎಸ್ ಕ್ಲಸ್ಟರಿಗೆ (ಅಮೆಜಾನ್ ನಡೆಸುವ ಕುಬರ್ನೆಟಿಸ್, ಅಂದರೆ ಕಂಟೇನರ್‌ಗಳನ್ನು ಹಲವು ಮಷೀನುಗಳಲ್ಲಿ ಓಡಿಸುವ ವ್ಯವಸ್ಥೆ) ಹೋಗಿವೆ, ಇದೊಂದೇ ಬಾಕಿ. ಡಿಸ್ಕ್ ಹೇಗೂ ಇದೆಯಲ್ಲ, ಡೇಟಾ ಕಾಪಿ ಮಾಡೋದು ಯಾಕೆ, ಅದನ್ನೇ ಬಿಚ್ಚಿ ಪಾಡ್‌ಗೆ (ಕ್ಲಸ್ಟರಿನಲ್ಲಿ ಕಂಟೇನರ್ ಓಡುವ ಘಟಕ) ಕೊಡೋಣ ಅಂದುಕೊಂಡೆ.

ಪೋಸ್ಟ್‌ಗ್ರೆಸ್ ನಿಲ್ಲಿಸಿದೆ, ಅನ್‌ಮೌಂಟ್ ಮಾಡಿದೆ, ಡಿಟ್ಯಾಚ್ ಮಾಡಿದೆ. ಡಿಸ್ಕ್‌ನ ಐಡಿ ಹಾಕಿ ಒಂದು ಪಿವಿ (ಇಂಥ ಡಿಸ್ಕ್ ಇದೆ ಅಂತ ಕ್ಲಸ್ಟರಿಗೆ ಹೇಳುವ ದಾಖಲೆ) ಬರೆದೆ, 200 ಜಿಬಿ ಕೇಳುವ ಒಂದು ಪಿವಿಸಿ (ಪಾಡ್ ಪರವಾಗಿ ಡಿಸ್ಕ್ ಕೇಳುವ ಅರ್ಜಿ) ಬರೆದೆ, ಎರಡನ್ನೂ ಅಪ್ಲೈ ಮಾಡಿದೆ. ಪಿವಿಸಿ ಬೌಂಡ್ ಅಂತ ಬಂತು, ಪಾಡ್ ರನ್ನಿಂಗ್ ಅಂತ ಬಂತು. ಒಳಗೆ ಹೋಗಿ ನೋಡಿದರೆ ಒಂದು ಟೇಬಲ್ಲೂ ಇಲ್ಲ. ಎದೆ ಧಸಕ್ಕೆಂದಿತು. ಡಿಸ್ಕ್ ಫಾರ್ಮ್ಯಾಟ್ ಆಗಿಹೋಯಿತಾ ಅಂತ ಕನ್ಸೋಲ್ ತೆಗೆದರೆ ಅಲ್ಲಿ ಇನ್ನೊಂದು ಹೊಸ 200 ಜಿಬಿ ಡಿಸ್ಕ್ ಹುಟ್ಟಿಕೊಂಡಿದೆ, ನನ್ನ ಹಳೇದು ಯಾರಿಗೂ ಜೋಡಿಸದೆ ಸುಮ್ನೆ ಕೂತಿದೆ. ಅದನ್ನು ವಾಪಸ್ ಹಳೇ ಮಷೀನಿಗೇ ಹಾಕಿದ್ದೇನೆ, ಡೇಟಾ ಎಲ್ಲ ಸರಿಯಾಗಿದೆ. ಆದರೆ ನಾನು ಬರೆದ ಪಿವಿ ಬಿಟ್ಟು ಕ್ಲಸ್ಟರ್ ಹೊಸ ಡಿಸ್ಕ್ ಮಾಡಿದ್ದು ಯಾಕೆ?

ರಾತ್ರಿಪಾಳಿ:

ಮೊದಲು ಉಸಿರು ಬಿಡಿ, ನಿಮ್ಮ ಡೇಟಾಗೆ ಏನೂ ಆಗಿಲ್ಲ.

ನಿಮ್ಮ ಪಿವಿಸಿಯಲ್ಲಿ ಸ್ಟೋರೇಜ್‌ಕ್ಲಾಸ್‌ನೇಮ್ ಅನ್ನುವ ಸಾಲೇ ಇಲ್ಲ ಅನಿಸುತ್ತೆ. ಆ ಸಾಲು ಇಲ್ಲದಿದ್ದರೆ ಕ್ಲಸ್ಟರ್ ತನ್ನ ಡೀಫಾಲ್ಟ್ ಸ್ಟೋರೇಜ್ ಕ್ಲಾಸನ್ನು ತಾನೇ ತುಂಬಿಕೊಳ್ಳುತ್ತೆ. ನಿಮ್ಮ ಪಿವಿಗೆ ಯಾವ ಕ್ಲಾಸೂ ಇಲ್ಲ, ಪಿವಿಸಿಗೆ ಈಗ ಒಂದು ಕ್ಲಾಸ್ ಬಂದಿದೆ, ಎರಡಕ್ಕೂ ಹೊಂದಾಣಿಕೆ ಆಗೋದಿಲ್ಲ. ಆಮೇಲೆ ಆ ಕ್ಲಾಸಿನ ಕೆಲಸವೇ ಹೊಸ ಡಿಸ್ಕ್ ಮಾಡೋದು ಅಲ್ವಾ, ಮಾಡಿಬಿಟ್ಟಿದೆ. ಸಾಲು ಬರೆದು ಖಾಲಿ ಕೋಟ್ ಕೊಡಬೇಕು. ಸಾಲು ಇಲ್ಲದಿರೋದು ಬೇರೆ, ಸಾಲು ಇದ್ದು ಖಾಲಿ ಇರೋದು ಬೇರೆ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಅಷ್ಟೇ ಸಾಲದು. ಪಿವಿಸಿಯಲ್ಲಿ ವಾಲ್ಯೂಮ್‌ನೇಮ್ ಅಂತ ಪಿವಿಯ ಹೆಸರು ಹಾಕಿ. ಪಿವಿಯಲ್ಲಿ ಕ್ಲೈಮ್‌ರೆಫ್ ಅಂತ ಪಿವಿಸಿಯ ಹೆಸರು ಮತ್ತು ಅದರ ನೇಮ್‌ಸ್ಪೇಸ್ (ಕ್ಲಸ್ಟರಿನೊಳಗಿನ ವಿಭಾಗ) ಹಾಕಿ. ಪಿವಿಸಿ ಕಡೆ ಮಾತ್ರ ಹಾಕಿದರೆ ನಿಮ್ಮ ಪಿವಿಸಿ ಬರುವ ಮೊದಲೇ ಬೇರೆ ಯಾವುದೋ ಪಿವಿಸಿ ಬಂದು ಆ ಪಿವಿಯನ್ನು ಹಿಡಿದುಕೊಳ್ಳುವ ಸಾಧ್ಯತೆ ಇದೆ. ಎರಡೂ ಕಡೆಯಿಂದ ಕಟ್ಟಿದರೆ ಬೇರೆಯವರು ನಡುವೆ ನುಗ್ಗೋದಕ್ಕೆ ಆಗೋದಿಲ್ಲ.

ರೀಕ್ಲೈಮ್ ಪಾಲಿಸಿ (ಪಿವಿಸಿ ಅಳಿಸಿದ ಮೇಲೆ ಡಿಸ್ಕ್ ಏನಾಗಬೇಕು ಅನ್ನೋದು) ರಿಟೇನ್, ಅಂದರೆ ಉಳಿಸು, ಅಂತಲೇ ಬರೆಯಿರಿ. ಕೈಯಿಂದ ಮಾಡಿದ ಪಿವಿಗೆ ಏನೂ ಬರೆಯದಿದ್ದರೂ ರಿಟೇನ್ ಆಗುತ್ತೆ ನಿಜ, ಆದರೂ ಕಣ್ಣಿಗೆ ಕಾಣುವ ಹಾಗೆ ಇರಲಿ. ನಾಳೆ ಇನ್ನೊಬ್ಬರು ಈ ಫೈಲ್ ನೋಡುತ್ತಾರೆ.

ಡಿಸ್ಕ್ ಯಾವ ಜೋನ್‌ನಲ್ಲಿದೆ ನೋಡಿಕೊಂಡಿದ್ದೀರಾ? ಇಬಿಎಸ್ ಡಿಸ್ಕ್ ಒಂದೇ ಅವೈಲಬಿಲಿಟಿ ಜೋನ್‌ಗೆ (ರೀಜನ್ ಒಳಗಿನ ಪ್ರತ್ಯೇಕ ಡೇಟಾ ಸೆಂಟರ್ ಗುಂಪು) ಸೇರಿದ್ದು. ಏಪಿ-ಸೌತ್-1ಎ ಡಿಸ್ಕನ್ನು 1ಬಿ ನೋಡ್‌ಗೆ (ಕ್ಲಸ್ಟರಿನ ಒಂದು ಮಷೀನು) ಜೋಡಿಸೋಕೆ ಆಗೋದಿಲ್ಲ. ತಾನೇ ಮಾಡಿದ ಡಿಸ್ಕ್ ಆದರೆ ಡ್ರೈವರ್ ಇದನ್ನು ಪಿವಿಯಲ್ಲಿ ಬರೆದುಕೊಳ್ಳುತ್ತೆ, ನೀವು ತಂದ ಡಿಸ್ಕ್‌ಗೆ ನೀವೇ ನೋಡ್ ಅಫಿನಿಟಿ (ಯಾವ ಜೋನಿನ ನೋಡ್ ಬೇಕು ಅನ್ನುವ ಸಾಲು) ಬರೆಯಬೇಕು. ಬರೆಯದಿದ್ದರೆ ಶೆಡ್ಯೂಲರ್‌ಗೆ ಗೊತ್ತೇ ಇರೋದಿಲ್ಲ, ಪಾಡ್ ಯಾವುದೋ ನೋಡ್‌ಗೆ ಹೋಗಿ ಅಟ್ಯಾಚ್ ಆಗದೆ ನಿಂತಿರುತ್ತೆ. ಆ ಜೋನ್‌ನಲ್ಲಿ ಯಾವಾಗಲೂ ಒಂದಾದರೂ ನೋಡ್ ಇರುವ ಹಾಗೆಯೂ ನೋಡಿಕೊಳ್ಳಿ.

ಕೊನೇದು, ಆದರೆ ನಾನು ಎಲ್ಲಕ್ಕಿಂತ ಒತ್ತಿ ಹೇಳೋದು ಇದನ್ನೇ: ಅಸಲಿ ಡಿಸ್ಕ್ ಮೇಲೆ ಪ್ರಯೋಗ ಮಾಡಬೇಡಿ. ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ನಕಲು) ತೆಗೆದು ಅದರಿಂದ ಹೊಸ ಡಿಸ್ಕ್ ಮಾಡಿ, ಅದನ್ನು ಜೋಡಿಸಿ ನೋಡಿ. ಬೇಕಾದ ಜೋನ್‌ನಲ್ಲೇ ಮಾಡಿಕೊಳ್ಳಬಹುದು, ಅದೂ ಒಂದು ಅನುಕೂಲ. ಈಗ ಹುಟ್ಟಿರುವ ಖಾಲಿ ಡಿಸ್ಕಿನ ಪಿವಿಸಿ ಅಳಿಸಿದರೆ ಡಿಸ್ಕೂ ಹೋಗುತ್ತೆ, ಯಾಕೆಂದರೆ ಕ್ಲಾಸಿನಿಂದ ಹುಟ್ಟಿದ್ದಕ್ಕೆ ಸಾಮಾನ್ಯವಾಗಿ ಡಿಲೀಟ್ ಪಾಲಿಸಿ ಇರುತ್ತೆ. ಅಳಿಸುವ ಮೊದಲು ಐಡಿಯನ್ನು ಎರಡು ಸಲ ನೋಡಿ.

ತುಂಗಾತೀರ:

ನೀವು ಹೇಳಿದ್ದೇ ನಿಜ, ಆ ಸಾಲು ಇರಲಿಲ್ಲ. ಸ್ನ್ಯಾಪ್‌ಶಾಟ್‌ನಿಂದ 1ಎಯಲ್ಲಿ ಹೊಸ ಡಿಸ್ಕ್ ಮಾಡಿ, ಎರಡೂ ಕಡೆ ಹೆಸರು ಕಟ್ಟಿ, ಜೋನ್ ಬರೆದು ಅಪ್ಲೈ ಮಾಡಿದೆ. ಈ ಸಲ ಸರಿಯಾದ ಡಿಸ್ಕೇ ನೋಡ್‌ಗೆ ಅಟ್ಯಾಚ್ ಆಯಿತು. ಆದರೆ ಪಾಡ್ ಕಂಟೇನರ್ ಕ್ರಿಯೇಟಿಂಗ್‌ನಲ್ಲೇ ನಿಂತಿದೆ. ಇವೆಂಟ್ಸ್‌ನಲ್ಲಿ ಮೌಂಟ್ ಆಗಲಿಲ್ಲ, ಡಿಸ್ಕ್‌ನಲ್ಲಿ ಆಗಲೇ ಏನೋ ಗೊತ್ತಿಲ್ಲದ ಡೇಟಾ ಇದೆ, ಬಹುಶಃ ಪಾರ್ಟಿಷನ್ ಇರಬೇಕು ಅನ್ನುವ ಅರ್ಥದ ಎರರ್. ಇದು ಫಾರ್ಮ್ಯಾಟ್ ಮಾಡಿಬಿಡುತ್ತಾ ಅಂತ ಭಯ.

ಧಾರವಾಡಪೇಡ:

ಮಾಡೋದಿಲ್ಲ. ಡಿಸ್ಕ್ ಪೂರ್ತಿ ಖಾಲಿ ಅಂತ ಕಂಡರೆ ಮಾತ್ರ ಫಾರ್ಮ್ಯಾಟ್ ಮಾಡುತ್ತೆ. ಫೈಲ್ ಸಿಸ್ಟಮ್ ಅಥವಾ ಪಾರ್ಟಿಷನ್ ಟೇಬಲ್ ಕಂಡರೆ ಅದನ್ನು ಮುಟ್ಟದೆ ಬರೀ ಮೌಂಟ್ ಮಾಡಲು ನೋಡುತ್ತೆ, ಆಗದಿದ್ದರೆ ಎರರ್ ಕೊಟ್ಟು ನಿಲ್ಲುತ್ತೆ.

ನಿಮ್ಮ ಹಳೇ ಮಷೀನಿನಲ್ಲಿ ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್‌ಗಳ ಪಟ್ಟಿ ತೋರಿಸುವ ಕಮಾಂಡ್) ಓಡಿಸಿ ನೋಡಿ. ಡಿಸ್ಕ್ ಕೆಳಗೆ ಪಿ1 ಅಂತ ಒಂದು ಪಾರ್ಟಿಷನ್ ಇರುತ್ತೆ, ಮೌಂಟ್ ಆಗಿರೋದು ಅದು. ಕ್ಲಸ್ಟರ್ ತಾನು ಮಾಡಿದ ಡಿಸ್ಕ್‌ಗೆ ಪಾರ್ಟಿಷನ್ ಹಾಕೋದೇ ಇಲ್ಲ, ಇಡೀ ಡಿಸ್ಕ್ ಮೇಲೆ ನೇರವಾಗಿ ಇಎಕ್ಸ್‌ಟಿ4 ಬರೆಯುತ್ತೆ. ಹಾಗಾಗಿ ನಿಮ್ಮದನ್ನೂ ಹಾಗೇ ಅಂತ ತಿಳಿದು ಮೌಂಟ್ ಮಾಡಲು ಹೋಗಿದೆ. ಪಿವಿಯ ಸಿಎಸ್‌ಐ (ಡಿಸ್ಕ್ ಡ್ರೈವರ್) ಭಾಗದಲ್ಲಿ ವಾಲ್ಯೂಮ್ ಆಟ್ರಿಬ್ಯೂಟ್ಸ್ ಅಂತ ಸೇರಿಸಿ, ಅದರೊಳಗೆ ಪಾರ್ಟಿಷನ್ ಅಂತ ಬರೆದು 1 ಕೊಡಿ, ಕೋಟ್ ಒಳಗೆ. ಪಿವಿಯ ಈ ಭಾಗವನ್ನು ಆಮೇಲೆ ತಿದ್ದಲು ಬಿಡೋದಿಲ್ಲ, ಪಿವಿ ಮತ್ತು ಪಿವಿಸಿ ಅಳಿಸಿ ಹೊಸದಾಗಿ ಮಾಡಬೇಕು. ರಿಟೇನ್ ಇರೋದರಿಂದ ಡಿಸ್ಕ್ ಹಾಗೇ ಇರುತ್ತೆ.

ಮೌಂಟ್ ಆದಮೇಲೆ ಅಸಲಿ ಕೆಲಸ ಶುರು. ಇಲ್ಲಿಂದ ಮುಂದಿನದು ಕುಬರ್ನೆಟಿಸ್ ತೊಂದರೆ ಅಲ್ಲ, ಡಿಸ್ಕ್ ಒಳಗೆ ಏನಿದೆ ಅನ್ನುವ ವಿಷಯ.

ಉಬುಂಟುನಲ್ಲಿ ಡೇಟಾ ಇರೋದು 14/ಮೇನ್ ಫೋಲ್ಡರಿನಲ್ಲಿ. ಸಬ್‌ಪಾತ್ (ಡಿಸ್ಕಿನೊಳಗಿನ ಯಾವ ಫೋಲ್ಡರ್ ಅನ್ನೋದು) ಅಂತ 14/ಮೇನ್ ಕೊಟ್ಟು, ಇಮೇಜಿನ (ಕಂಟೇನರ್ ಓಡಿಸುವ ಸಿದ್ಧ ಪ್ಯಾಕೇಜ್) ಡೇಟಾ ಫೋಲ್ಡರಿಗೆ ಮೌಂಟ್ ಮಾಡಿ. ಸಬ್‌ಪಾತ್‌ನಲ್ಲಿ ಒಂದಕ್ಷರ ತಪ್ಪಿದರೆ ಆ ಹೆಸರಿನ ಖಾಲಿ ಫೋಲ್ಡರನ್ನು ತಾನೇ ಮಾಡುತ್ತೆ, ಪೋಸ್ಟ್‌ಗ್ರೆಸ್ ಅದರಲ್ಲಿ ಹೊಸ ಡೇಟಾಬೇಸ್ ಶುರು ಮಾಡುತ್ತೆ, ನೀವು ಮತ್ತೆ ಎದೆ ಹಿಡಿದುಕೊಳ್ಳುತ್ತೀರಿ. ಪಾಡ್ ಎದ್ದ ತಕ್ಷಣ ಲಾಗ್‌ನಲ್ಲಿ ಹೊಸದಾಗಿ ಇನಿಷಿಯಲೈಸ್ ಮಾಡಿದೆಯಾ, ಇಲ್ಲ ಹಳೇದು ಸಿಕ್ಕಿ ಆ ಹಂತ ಬಿಟ್ಟಿದೆಯಾ ಅಂತ ನೋಡಿ.

ಕಾನ್ಫಿಗ್ ಫೈಲ್‌ಗಳು ಆ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. ಡೆಬಿಯನ್, ಉಬುಂಟು ಎರಡರಲ್ಲೂ ಅವು /ಇಟಿಸಿ/ಪೋಸ್ಟ್‌ಗ್ರೆಸ್ಕ್ಯೂಎಲ್ ಕೆಳಗೆ, ಅಂದರೆ ಹಳೇ ಮಷೀನಿನ ರೂಟ್ ಡಿಸ್ಕ್‌ನಲ್ಲಿ ಇರುತ್ತವೆ. ಇಮೇಜು ಡೇಟಾ ಫೋಲ್ಡರಿನಲ್ಲಿ ಹುಡುಕುತ್ತೆ, ಸಿಗದೆ ನಿಲ್ಲುತ್ತೆ. ಹಳೇದನ್ನು ಹಾಗೇ ಕಾಪಿ ಮಾಡಬೇಡಿ, ಅದರಲ್ಲಿ ಆ ಮಷೀನಿನ ಸರ್ಟಿಫಿಕೇಟ್ ಪಾತ್‌ಗಳು, ಬರೀ ಲೋಕಲ್‌ಹೋಸ್ಟ್‌ನಲ್ಲಿ ಕೇಳು ಅನ್ನುವ ಸೆಟ್ಟಿಂಗ್ ಎಲ್ಲ ಇರುತ್ತವೆ. ನಿಮಗೆ ಬೇಕಾದ ಹತ್ತು ಸಾಲನ್ನು ಹೊಸದಾಗಿ ಕಾನ್ಫಿಗ್‌ಮ್ಯಾಪ್‌ನಲ್ಲಿ (ಪಾಡ್‌ಗೆ ಸೆಟ್ಟಿಂಗ್ ಕೊಡುವ ಕ್ಲಸ್ಟರಿನ ದಾಖಲೆ) ಬರೆಯಿರಿ. ಯಾರು ಎಲ್ಲಿಂದ ಲಾಗಿನ್ ಆಗಬಹುದು ಅನ್ನುವ ಎಚ್‌ಬಿಎ ಫೈಲೂ ಅಷ್ಟೇ.

ಫೈಲ್‌ಗಳ ಒಡೆಯನ ನಂಬರ್ ಕೂಡ ಬೇರೆ ಇರುತ್ತೆ. ಡೆಬಿಯನ್ ಆಧಾರದ ಅಧಿಕೃತ ಇಮೇಜಿನಲ್ಲಿ ಪೋಸ್ಟ್‌ಗ್ರೆಸ್ ಯೂಸರ್ 999, ಆಲ್ಪೈನ್ (ತೀರಾ ಸಣ್ಣ ಲಿನಕ್ಸ್) ಇಮೇಜಿನಲ್ಲಿ 70, ನಿಮ್ಮ ಮಷೀನಿನಲ್ಲಿ ಇನ್ನೇನೋ. ಕಂಟೇನರ್ ರೂಟ್ ಆಗಿ ಶುರುವಾದರೆ ತಾನೇ ಬದಲಾಯಿಸಿಕೊಳ್ಳುತ್ತೆ. ನಿಮ್ಮ ಕ್ಲಸ್ಟರಿನಲ್ಲಿ ರೂಟ್ ಬಿಡೋದಿಲ್ಲ ಅಂದರೆ ಡಿಸ್ಕನ್ನು ಪಾಡ್‌ಗೆ ಕೊಡುವ ಮೊದಲೇ ಒಂದು ಸಲ ಚೌನ್ ಕಮಾಂಡಿನಿಂದ ಒಡೆಯನನ್ನು ಬದಲಾಯಿಸಬೇಕು.

ಯಾವ ಇಮೇಜ್ ಬಳಸುತ್ತಿದ್ದೀರಿ?

ತುಂಗಾತೀರ:

14ರ ಆಲ್ಪೈನ್. ಸಣ್ಣದು ಅಂತ ತಗೊಂಡೆ.

ಧಾರವಾಡಪೇಡ:

ದಯವಿಟ್ಟು ಬದಲಾಯಿಸಿ. ಇದು ಸಣ್ಣ ವಿಷಯ ಅಲ್ಲ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಸಿಸ್ಟಮ್ಮಿನ ಸಿ ಲೈಬ್ರರಿಯನ್ನು ಕೇಳುತ್ತೆ. ಉಬುಂಟುನಲ್ಲಿ ಜಿಲಿಬ್‌ಸಿ, ಆಲ್ಪೈನ್‌ನಲ್ಲಿ ಮಸಲ್. ಮಸಲ್ ಬೈಟ್ ಲೆಕ್ಕದಲ್ಲಿ ಜೋಡಿಸುತ್ತೆ, ಜಿಲಿಬ್‌ಸಿ ಲೊಕೇಲ್ ನೋಡಿ ಜೋಡಿಸುತ್ತೆ. ನಿಮ್ಮ ಹೆಸರು, ಊರು, ಇಮೇಲ್ ಕಾಲಮ್ಮುಗಳ ಇಂಡೆಕ್ಸ್ ಎಲ್ಲ ಹಳೇ ಕ್ರಮದಲ್ಲಿ ಬರೆದದ್ದು. ಹೊಸ ಕಡೆ ಬೇರೆ ಕ್ರಮದಲ್ಲಿ ಹುಡುಕಿದರೆ ಇರುವ ಸಾಲೇ ಸಿಗದೆ ಹೋಗಬಹುದು, ಯೂನಿಕ್ ಕಾಲಮ್ಮಿಗೆ ಅದೇ ಬೆಲೆ ಎರಡನೇ ಸಲ ಸೇರಬಹುದು. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಡೇಟಾಬೇಸ್ ಮಟ್ಟದಲ್ಲಿ ಈ ಆವೃತ್ತಿಯನ್ನು ಬರೆದಿಟ್ಟುಕೊಂಡು ಬದಲಾದಾಗ ಎಚ್ಚರಿಸುವ ವ್ಯವಸ್ಥೆ ಇದೆ, 14ರಲ್ಲಿ ಅದೂ ಇಲ್ಲ. ಎಲ್ಲ ಸರಿಯಾಗಿ ಓಡಿದ ಹಾಗೇ ಕಾಣುತ್ತೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇದು ಗೊತ್ತಾಗಿದ್ದು ಮೂರು ವಾರ ಆದಮೇಲೆ. ಅಷ್ಟೊತ್ತಿಗೆ ಡಬಲ್ ಆಗಿದ್ದ ಗ್ರಾಹಕರ ಸಾಲುಗಳನ್ನು ಕೂತು ಒಂದೊಂದಾಗಿ ಒಂದುಮಾಡಬೇಕಾಯಿತು.

ಡೆಬಿಯನ್ ಇಮೇಜ್ ಬಳಸಿ, ಆದರೂ ಜಿಲಿಬ್‌ಸಿ ಆವೃತ್ತಿ ಬೇರೆ ಇರುತ್ತೆ, ಹಾಗಾಗಿ ಟೆಕ್ಸ್ಟ್ ಇಂಡೆಕ್ಸ್‌ಗಳನ್ನು ಒಮ್ಮೆ ರೀಇಂಡೆಕ್ಸ್ ಮಾಡಿ. ಎಎಮ್‌ಚೆಕ್ ಅನ್ನುವ ಎಕ್ಸ್‌ಟೆನ್ಷನ್‌ನಿಂದ ಇಂಡೆಕ್ಸ್ ಸರಿ ಇದೆಯಾ ಅಂತ ಪರೀಕ್ಷೆ ಮಾಡಬಹುದು.

ಡಬ್ಲಿನ್‌ಕನ್ನಡಿಗ:

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸೋದು, ಡಿಸ್ಕ್ ಒಯ್ಯುವ ಯೋಚನೆಯನ್ನೇ ಬಿಡಿ. ಕ್ಲಸ್ಟರಿನಲ್ಲಿ ಹೊಸ ಖಾಲಿ ಪೋಸ್ಟ್‌ಗ್ರೆಸ್ ಎಬ್ಬಿಸಿ, ಹಳೇದರಿಂದ ಲಾಜಿಕಲ್ ರೆಪ್ಲಿಕೇಷನ್ (ಸಾಲುಗಳ ಬದಲಾವಣೆಯನ್ನು ಹೊಸದಕ್ಕೆ ಕಳಿಸುತ್ತಾ ಇರೋದು) ಹಾಕಿ, ಎರಡೂ ಸಮ ಆದಾಗ ಆ್ಯಪ್ ತಿರುಗಿಸಿ. ಪಾರ್ಟಿಷನ್, ಒಡೆಯ, ಇಂಡೆಕ್ಸ್ ಕ್ರಮ ಯಾವ ತಲೆನೋವೂ ಇಲ್ಲ, ಆವೃತ್ತಿಯನ್ನೂ 14ರಿಂದ ಮೇಲಕ್ಕೆ ಒಯ್ಯಬಹುದು. ನಾವು ಇಲ್ಲಿ ಹೀಗೇ ಮಾಡಿದ್ದು, ನಿಲ್ಲಿಸಿದ್ದು ಒಂದೆರಡು ನಿಮಿಷ ಅಷ್ಟೇ.

ರಾತ್ರಿಪಾಳಿ:

ನಿಮ್ಮ ಮಾತು ಒಪ್ಪುತ್ತೇನೆ, ನಿಲ್ಲಿಸುವ ಸಮಯ ತೀರಾ ಕಡಿಮೆ ಬೇಕು ಅಂದರೆ ಅದೇ ಸರಿ. ಆದರೆ ಅದರಲ್ಲೂ ಕೆಲಸ ಇದೆ: ಸೀಕ್ವೆನ್ಸ್‌ಗಳ (ತಾನಾಗಿ ಏರುವ ಐಡಿ ನಂಬರ್) ಬೆಲೆ ತಾನಾಗಿ ಬರೋದಿಲ್ಲ, ಟೇಬಲ್ ರಚನೆಯ ಬದಲಾವಣೆ ಬರೋದಿಲ್ಲ, ಪ್ರೈಮರಿ ಕೀ ಇಲ್ಲದ ಟೇಬಲ್‌ಗೆ ಬೇರೆ ವ್ಯವಸ್ಥೆ ಮಾಡಬೇಕು. ಐದು ಜನರ ತಂಡ, ಭಾನುವಾರ ರಾತ್ರಿ ಒಂದೆರಡು ಗಂಟೆ ನಿಲ್ಲಿಸಬಹುದು ಅಂದರೆ ಡಿಸ್ಕ್ ದಾರಿಯೇ ನೇರ ಅಂತ ನನ್ನ ಅಭಿಪ್ರಾಯ. ಡೇಟಾಬೇಸ್ ಬಿಟ್ಟು ಬರೀ ಫೈಲ್‌ಗಳ ಡಿಸ್ಕ್ ಆದರೆ ಬೇರೆ ಯೋಚನೆಯೇ ಬೇಡ.

ತುಂಗಾತೀರ ಅವರೇ, ಆ ದಿನಕ್ಕೆ ಎರಡು ಮಾತು. ಸ್ನ್ಯಾಪ್‌ಶಾಟ್ ಹಿಂದಿನ ದಿನವೇ ಒಂದು ತೆಗೆದಿಡಿ. ಎರಡನೇದು ಬದಲಾದ ಬ್ಲಾಕ್‌ಗಳನ್ನು ಮಾತ್ರ ತಗೊಳ್ಳುತ್ತೆ, ಪೋಸ್ಟ್‌ಗ್ರೆಸ್ ನಿಲ್ಲಿಸಿದ ಮೇಲೆ ತೆಗೆಯುವ ಕೊನೇ ಸ್ನ್ಯಾಪ್‌ಶಾಟ್ ಬೇಗ ಮುಗಿಯುತ್ತೆ. ಅದರಿಂದ ಮಾಡಿದ ಡಿಸ್ಕ್ ಮೊದಮೊದಲು ನಿಧಾನ ಇರುತ್ತೆ, ಪ್ರತಿ ಬ್ಲಾಕ್ ಮೊದಲ ಸಲ ಓದಿದಾಗಲೇ ಹಿಂದಿನಿಂದ ಬರೋದು. ಗಾಬರಿ ಬೇಡ.

ಪಾಡನ್ನು ಡಿಪ್ಲಾಯ್‌ಮೆಂಟ್ ಮೂಲಕ ಓಡಿಸುತ್ತಿದ್ದರೆ ಸ್ಟ್ರಾಟಜಿ ರೀಕ್ರಿಯೇಟ್ (ಹಳೇದು ನಿಲ್ಲಿಸಿ ಆಮೇಲೆ ಹೊಸದು) ಇಡಿ. ಇಲ್ಲದಿದ್ದರೆ ಹಳೇ ಪಾಡ್ ಡಿಸ್ಕ್ ಹಿಡಿದಿರುವಾಗಲೇ ಹೊಸದು ಇನ್ನೊಂದು ನೋಡ್‌ನಲ್ಲಿ ಅದೇ ಡಿಸ್ಕ್ ಕೇಳುತ್ತೆ, ಮಲ್ಟಿ ಅಟ್ಯಾಚ್ ಎರರ್ ಬಂದು ನಿಲ್ಲುತ್ತೆ. ಇನ್ನೊಂದು, ಪಿವಿಯಲ್ಲಿ ಆ್ಯಕ್ಸೆಸ್ ಮೋಡ್ ರೀಡ್ ರೈಟ್ ಒನ್ಸ್ ಅಂದರೆ ಒಂದೇ ಪಾಡ್ ಅಂತ ಅಲ್ಲ, ಒಂದೇ ನೋಡ್ ಅಂತ. ಒಂದೇ ನೋಡ್‌ನಲ್ಲಿ ಎರಡು ಪಾಡ್ ಬಂದರೆ ಎರಡಕ್ಕೂ ಡಿಸ್ಕ್ ಸಿಗುತ್ತೆ. ಒಂದೇ ಪಾಡ್‌ಗೆ ಅಂತ ಬೇಕಿದ್ದರೆ ರೀಡ್ ರೈಟ್ ಒನ್ಸ್ ಪಾಡ್ ಅಂತ ಬೇರೆಯೇ ಇದೆ, ಕುಬರ್ನೆಟಿಸ್ 1.29ರಲ್ಲಿ ಅದು ಸ್ಥಿರವಾಗಿದೆ.

ಮಲ್ಲಿಗೆಹಂದರ:

ನಾನು ಜಿಕೆಇ (ಗೂಗಲ್ ಕ್ಲೌಡಿನ ಕುಬರ್ನೆಟಿಸ್) ಕಡೆಯವಳು. ಇಲ್ಲೂ ಕಥೆ ಇದೇ, ವಾಲ್ಯೂಮ್ ಹ್ಯಾಂಡಲ್‌ನಲ್ಲಿ (ಪಿವಿಯಲ್ಲಿ ಡಿಸ್ಕ್ ಯಾವುದು ಅಂತ ಹೇಳುವ ಸಾಲು) ಬರೀ ಡಿಸ್ಕಿನ ಹೆಸರು ಸಾಲದು, ಪ್ರಾಜೆಕ್ಟ್, ಜೋನ್, ಡಿಸ್ಕ್ ಮೂರೂ ಸೇರಿದ ಉದ್ದ ಪಾತ್ ಬೇಕು. ಮುಂದೆ ಯಾರಾದರೂ ಇಲ್ಲಿಗೆ ಬಂದರೆ ಅನುಕೂಲ ಆಗಲಿ ಅಂತ ಬರೆದೆ.

ಇನ್ನೊಂದು ಅನುಭವ. ನಾನು ಒಮ್ಮೆ ನೇಮ್‌ಸ್ಪೇಸ್ ಸ್ವಚ್ಛ ಮಾಡುವಾಗ ಪಿವಿಸಿಯನ್ನೇ ಅಳಿಸಿಬಿಟ್ಟೆ. ರಿಟೇನ್ ಇದ್ದದ್ದಕ್ಕೆ ಡಿಸ್ಕ್ ಉಳಿಯಿತು. ಅದೇ ಹೆಸರಿನ ಪಿವಿಸಿ ಮತ್ತೆ ಮಾಡಿದೆ, ಪೆಂಡಿಂಗ್‌ನಲ್ಲೇ ನಿಂತಿತು. ಪಿವಿ ನೋಡಿದರೆ ರಿಲೀಸ್ಡ್ ಅಂತ ಇದೆ. ಹೆಸರು ಒಂದೇ ಆದರೂ ಕ್ಲೈಮ್‌ರೆಫ್‌ನಲ್ಲಿ ಸತ್ತುಹೋದ ಪಿವಿಸಿಯ ಯುಐಡಿ (ಕ್ಲಸ್ಟರ್ ಕೊಡುವ ವಿಶಿಷ್ಟ ಗುರುತು) ಹಾಗೇ ಕೂತಿರುತ್ತೆ. ಆ ಯುಐಡಿಯನ್ನು ತೆಗೆದರೆ ಮತ್ತೆ ಬೌಂಡ್ ಆಗುತ್ತೆ, ಡಿಸ್ಕ್ ಮುಟ್ಟಬೇಕಿಲ್ಲ. ನನಗಿದು ಗೊತ್ತಾಗುವಷ್ಟರಲ್ಲಿ ಬೆಳಗಾಗಿತ್ತು.

ಫೋಟೋ ಡಿಸ್ಕ್ ಜೋಡಿಸುವವರಿಗೆ: ಎಫ್‌ಎಸ್‌ಗ್ರೂಪ್ (ಫೈಲ್‌ಗಳು ಯಾವ ಗುಂಪಿಗೆ ಸೇರಿರಬೇಕು ಅನ್ನುವ ಸೆಟ್ಟಿಂಗ್) ಕೊಟ್ಟರೆ ಪ್ರತಿ ಸಲ ಮೌಂಟ್ ಆದಾಗಲೂ ಎಲ್ಲ ಫೈಲ್‌ಗಳ ಗುಂಪು ಬದಲಾಯಿಸುತ್ತಾ ಹೋಗುತ್ತೆ. ಲಕ್ಷಗಟ್ಟಲೆ ಫೈಲ್ ಇದ್ದ ನಮ್ಮ ಪಾಡ್ ಏಳೋಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಎಫ್‌ಎಸ್‌ಗ್ರೂಪ್ ಚೇಂಜ್ ಪಾಲಿಸಿಯನ್ನು ಆನ್ ರೂಟ್ ಮಿಸ್‌ಮ್ಯಾಚ್ (ಮೇಲಿನ ಫೋಲ್ಡರ್ ಹೊಂದದಿದ್ದರೆ ಮಾತ್ರ ಬದಲಾಯಿಸು) ಅಂತ ಇಟ್ಟ ಮೇಲೆ ಸರಿಹೋಯಿತು.

ತುಂಗಾತೀರ:

ಭಾನುವಾರ ರಾತ್ರಿ ಮುಗಿಸಿದೆ. ಮೂರು ಸಲ ಕಾಪಿ ಡಿಸ್ಕ್ ಮೇಲೆ ಅಭ್ಯಾಸ ಮಾಡಿದ್ದರಿಂದ ಆ ದಿನ ಕೈ ನಡುಗಲಿಲ್ಲ. ಆಲ್ಪೈನ್ ಬಿಟ್ಟು ಡೆಬಿಯನ್ ಇಮೇಜ್ ಹಾಕಿದೆ, ಪಾರ್ಟಿಷನ್ 1 ಬರೆದೆ, ಮೌಂಟ್ ಆಯಿತು, ಲಾಗ್‌ನಲ್ಲಿ ಹಳೇ ಡೇಟಾ ಸಿಕ್ಕಿದೆ ಅಂತ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ರೀಇಂಡೆಕ್ಸ್‌ಗೆ ನಲವತ್ತು ನಿಮಿಷ ಹಿಡಿಯಿತು. ಎಎಮ್‌ಚೆಕ್‌ನಲ್ಲಿ ಏನೂ ದೋಷ ಬರಲಿಲ್ಲ. ಕನ್ನಡದಲ್ಲಿರುವ ಊರುಗಳ ಹೆಸರನ್ನು ಹಳೇದರಲ್ಲೂ ಹೊಸದರಲ್ಲೂ ಹುಡುಕಿ ಸಾಲುಗಳನ್ನು ಎಣಿಸಿದೆ, ಸಮ ಬಂತು.

ಇಲ್ಲಿ ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಮೊದಲ ದಿನ ಅಸಲಿ ಡಿಸ್ಕ್ ಬಿಚ್ಚಿದ್ದೆನಲ್ಲ, ಆಗ ಹಳೇ ಮಷೀನಿನ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ಆ ಡಿಸ್ಕಿನ ಸಾಲು ಹಾಗೇ ಇತ್ತು, ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಮುಂದುವರಿ) ಇರಲಿಲ್ಲ. ಅವತ್ತೇನಾದರೂ ಮಷೀನ್ ರೀಬೂಟ್ ಆಗಿದ್ದರೆ ಇಲ್ಲದ ಡಿಸ್ಕ್‌ಗೆ ಕಾಯುತ್ತಾ ಎಮರ್ಜೆನ್ಸಿ ಮೋಡ್‌ಗೆ ಹೋಗಿರುತ್ತಿತ್ತು. ಡಿಸ್ಕ್ ಬಿಚ್ಚುವವರು ಮೊದಲು ಆ ಸಾಲಿಗೆ ನೋಫೇಲ್ ಹಾಕಿ.

ಹಳೇ ಮಷೀನನ್ನು ಸ್ಟಾಪ್ ಮಾಡಿದ್ದೇನೆ, ಅಸಲಿ ಡಿಸ್ಕ್ ಅದರಲ್ಲೇ ಇದೆ. ಒಂದು ತಿಂಗಳು ಹಾಗೇ ಬಿಡುತ್ತೇನೆ. ರಾತ್ರಿಪಾಳಿ, ಧಾರವಾಡಪೇಡ, ಉಳಿದವರಿಗೂ ತುಂಬಾ ಥ್ಯಾಂಕ್ಸ್.