ಯಾಶಿಕಾ ಶಟರ್ ಅಂಟಿಕೊಂಡಿದೆ, ಯಾವ ಎಣ್ಣೆ ಬಿಡಲಿ?

ಪ್ರಶ್ನೆ: ನಮಸ್ಕಾರ ಸರ್, ಶಿರಸಿ ಕಡೆಯವನು. ಅಪ್ಪ ಸ್ಟುಡಿಯೋದಲ್ಲಿ ಬಳಸುತ್ತಿದ್ದ, ಮೇಲೊಂದು ಕೆಳಗೊಂದು ಲೆನ್ಸಿರುವ ಯಾಶಿಕಾ ಮ್ಯಾಟ್ 124ಜಿ ಫಿಲಮ್ ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿದ್ದೇನೆ. ಇಪ್ಪತ್ತು ವರ್ಷ ಯಾರೂ ಮುಟ್ಟಿಲ್ಲ. ಲೆನ್ಸ್‌ಗೆ ಫಂಗಸ್ ಹಿಡಿದಿಲ್ಲ, ಪುಣ್ಯ. ಆದರೆ ಬಟನ್ ಒತ್ತಿದರೆ ಫಿಲಮಿಗೆ ಬೆಳಕು ಬಿಡುವ ಶಟರ್ ಅರ್ಧ ತೆರೆದು ಹಾಗೇ ನಿಲ್ಲುತ್ತದೆ, ಮಧ್ಯಾಹ್ನ ಸ್ವಲ್ಪ ಪರವಾಗಿಲ್ಲ, ಬೆಳಗಿನ ಚಳಿಯಲ್ಲಂತೂ ಪೂರ್ತಿ ಹಠ. ಮನೆಯಲ್ಲಿ ಹೊಲಿಗೆ ಮಿಷನ್ ಎಣ್ಣೆ ಇದೆ, ಒಂದು ಹನಿ ಬಿಡಬಹುದಾ?

ಉತ್ತರ (ಕ್ಯಾಮೆರಾ ರಿಪೇರಿಯವರು): ಬಿಡಬೇಡಿ ಮಾರಾಯರೇ! ಎಣ್ಣೆ ಸಾಲದೆ ನಿಂತಿದ್ದಲ್ಲ ಅದು, ಎಣ್ಣೆ ಇದ್ದೇ ನಿಂತಿದ್ದು.

ನಿಮ್ಮದರಲ್ಲಿರುವುದು ಕೋಪಾಲ್ ಎಸ್‌ವಿ ಶಟರ್. ಲೆನ್ಸ್ ಗಾಜುಗಳ ನಡುವೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬ್ಲೇಡುಗಳು ಒಂದರ ಮೇಲೊಂದು ಕೂತಿರುತ್ತವೆ. ಅವು ಒಣಗಿರಬೇಕು, ಪೂರ್ತಿ ಒಣ. ಅಕ್ಕಪಕ್ಕದ ಹಳೇ ಗ್ರೀಸು ಸೆಕೆಗೆ ತೆಳುವಾಗಿ ಹರಿದು ಬ್ಲೇಡಿಗೆ ಬಂದು ಸೇರುತ್ತದೆ, ವರ್ಷಗಟ್ಟಲೆ ಕೂತು ಗೋಂದಿನ ಹಾಗಾಗುತ್ತದೆ. ಹೋಳಿಗೆ ತಟ್ಟುವ ಎರಡು ಪ್ಲಾಸ್ಟಿಕ್ ಹಾಳೆ ಎಣ್ಣೆ ತಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತವಲ್ಲ, ಅದೇ ಕತೆ. ಚಳಿಗೆ ಜಿಡ್ಡು ಗಟ್ಟಿ, ಬಿಸಿಲಿಗೆ ಸಡಿಲ. ಬೆಳಿಗ್ಗೆಯ ಹಠ ಅದಕ್ಕೇ. ಈಗ ಹೊಸ ಎಣ್ಣೆ ಬಿಟ್ಟರೆ ಒಂದು ವಾರ ಚೆನ್ನಾಗಿ ಓಡುತ್ತದೆ, ಆಮೇಲೆ ಹತ್ತು ಪಟ್ಟು ಜಾಸ್ತಿ ಅಂಟುತ್ತದೆ.

ಒಂದು ಪರೀಕ್ಷೆ ಮಾಡಿ ಹೇಳಿ. ಶಟರ್ ವೇಗ, ಅಂದರೆ ಅದು ತೆರೆದಿರುವ ಸಮಯ, 1/250 ಸೆಕೆಂಡಿಗೆ ಇಟ್ಟರೆ ಹೇಗೆ, 1 ಸೆಕೆಂಡಿಗೆ ಇಟ್ಟರೆ ಹೇಗೆ?

ಪ್ರಶ್ನೆ: ಎರಡರಲ್ಲೂ ನಿಲ್ಲುತ್ತದೆ ಸರ್. ಬ್ಲೇಡಿನ ಮೇಲೆ ಕಾಮನಬಿಲ್ಲಿನ ಹಾಗೆ ಬಣ್ಣ ಕಾಣುತ್ತದೆ.

ಉತ್ತರ: ಅದೇ ಎಣ್ಣೆ. ವೇಗದವು ಸರಿಯಿದ್ದು 1, 1/2, 1/4 ಮಾತ್ರ ನಿಂತಿದ್ದರೆ ತಪ್ಪು ನಿಧಾನ ವೇಗದ ಗೇರುಗಳದು, ಗಡಿಯಾರದಂಥ ಸಣ್ಣ ಹಲ್ಲಿನ ಚಕ್ರಗಳು, ಅದು ಬೇರೆ ಕೆಲಸ.

ಮುಂದಿನ ಚರ್ಮದ ಹಾಳೆ ಬಿಡಿಸಿ, ಮುಖದ ತಗಡು ತೆಗೆದು, ಕೆಳಗಿನ ಲೆನ್ಸಿನ ಮುಂದಿನ ಗಾಜು ತಿರುಗಿಸಿ ಬಿಚ್ಚಿದರೆ ಬ್ಲೇಡು ಕಾಣುತ್ತದೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಇಡಿ, ಆಮೇಲೆ ಒಂದು ಸ್ಕ್ರೂ ಉಳಿಯಿತು ಅಂತ ನನಗೆ ಫೋಟೋ ಕಳಿಸುವವರು ತಿಂಗಳಿಗೊಬ್ಬರಾದರೂ ಇರುತ್ತಾರೆ. ಸಿಗರೇಟ್ ಲೈಟರಿಗೆ ತುಂಬುವ ಲೈಟರ್ ಫ್ಲೂಯಿಡ್ ತನ್ನಿ. ಬಡ್ಸ್ ತುದಿ ಒದ್ದೆ ಮಾಡಿ ಬ್ಲೇಡಿಗೆ ಮೆಲ್ಲಗೆ ಸವರಿ, ಶಟರ್ ಇಪ್ಪತ್ತು ಮೂವತ್ತು ಸಲ ಹೊಡೆಯಿರಿ, ಒಣ ಬಡ್ಸಿನಿಂದ ಒರೆಸಿ. ಆರಿದ ಮೇಲೆ ಮತ್ತೆ ಅಂಟುತ್ತದೆ, ಗಾಬರಿ ಬೇಡ, ಕರಗಿದ ಜಿಡ್ಡು ಬ್ಲೇಡುಗಳ ಮಧ್ಯದಿಂದ ಈಚೆ ಬರುತ್ತಿದೆ ಅಷ್ಟೇ. ಬಡ್ಸ್ ಬೆಳ್ಳಗೆ ಬರುವ ತನಕ ಮಾಡಿ. ಫ್ಲೂಯಿಡ್ ಸುರಿಯಬೇಡಿ. ಸುರಿದರೆ ಜಿಡ್ಡು ತೊಳೆದುಹೋಗಿ ಗೇರಿನಲ್ಲೋ ಹಿಂದಿನ ಗಾಜಿನ ಮೇಲೋ ಕೂರುತ್ತದೆ. ಥಿನ್ನರ್ ಬೇಡವೇ ಬೇಡ, ಬಣ್ಣ ತಿನ್ನುತ್ತದೆ. ಒಲೆ, ದೇವರ ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ.

ಇನ್ನೊಬ್ಬರು: ಅಂದರೆ ಶಟರಿಗೆ ಎಲ್ಲೂ ಎಣ್ಣೆ ಬೇಡವಾ? ನಾನು ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40 ಹೊಡೆದುಬಿಟ್ಟಿದ್ದೇನೆ...

ಉತ್ತರ: ಅಯ್ಯೋ. ಅದು ಎಲ್ಲ ಸಂದಿಗೂ ಹೋಗಿರುತ್ತದೆ, ಪೂರ್ತಿ ಬಿಚ್ಚಿ ತೊಳೆಯಬೇಕು, ಮನೆಯಲ್ಲಿ ಆಗದು. ಎಣ್ಣೆ ಬೇಕಾಗುವುದು ಗೇರುಗಳ ಅಚ್ಚಿನ ತುದಿಗೆ ಮಾತ್ರ. ಅದೂ ವಾಚ್ ರಿಪೇರಿಯವರು ಬಳಸುವ ಎಣ್ಣೆ, ಸೂಜಿ ತುದಿಯಲ್ಲಿ ಕಂಡೂ ಕಾಣದಷ್ಟು. ಹಲ್ಲುಗಳಿಗೆ ಬೇಡ.

ಮತ್ತೊಬ್ಬರು: ನನ್ನದು ಪೆಂಟಾಕ್ಸ್ ಕೆ1000. ಇದೇ ರೀತಿ ಮಾಡಲಾ?

ಉತ್ತರ: ಬೇಡ. ಅದರಲ್ಲಿ ಬ್ಲೇಡಿಲ್ಲ, ಫಿಲಮಿನ ಮುಂದೆ ರಬ್ಬರ್ ಲೇಪದ ಬಟ್ಟೆಯ ಪರದೆ ಓಡುತ್ತದೆ. ಪರದೆಗೆ ಫ್ಲೂಯಿಡ್ ತಾಗಿಸಬೇಡಿ, ರಿಪೇರಿಗೆ ಕೊಡಿ.

ಪ್ರಶ್ನೆ (ಮೊದಲಿನವರು, ಎರಡು ವಾರದ ನಂತರ): ಸರ್, ನಾಲ್ಕು ಸುತ್ತು ಒರೆಸಿದೆ. ಟಕ್ ಅಂತ ಹೊಡೆಯುತ್ತಿದೆ! ಅಪ್ಪ ಶಬ್ದ ಕೇಳಿಯೇ "ಇದು ಅರವತ್ತು, ಇದು ನೂರಿಪ್ಪತ್ತೈದು" ಅಂದರು. ವೇಗ ಸರಿಯಿದೆಯಾ ಅಂತ ನಾನು ಹೇಗೆ ನೋಡಲಿ?

ಉತ್ತರ: ಅಪ್ಪನ ಕಿವಿ ಸಾಕು, ಆದರೂ ಹೇಳುತ್ತೇನೆ. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇಟ್ಟು, ಹಿಂದಿನ ಬಾಗಿಲು ತೆರೆದು, ಬೆಳಕಿನ ಕಡೆ ಹಿಡಿದು ಶಟರನ್ನು ವಿಡಿಯೋ ಮಾಡಿ. 1/30ಕ್ಕೆ ಸುಮಾರು 8 ಫ್ರೇಮು, 1/15ಕ್ಕೆ 16 ಫ್ರೇಮು ತೆರೆದಿರಬೇಕು. 1/500 ಹೀಗೆ ಅಳೆಯಲಾಗದು. ಹಳೇ ಶಟರಿನಲ್ಲಿ 500 ಇದ್ದದ್ದು 350ಕ್ಕೆ ಇಳಿದಿದ್ದರೂ ಅರ್ಧ ಸ್ಟಾಪಿನ ವ್ಯತ್ಯಾಸ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್), ನೆಗೆಟಿವ್ ಫಿಲಮ್ ತಡೆದುಕೊಳ್ಳುತ್ತದೆ. ಸೆಲ್ಫ್ ಟೈಮರ್ ಮಾತ್ರ ಮುಟ್ಟಬೇಡಿ, ಅದರ ಗೇರು ನೀವು ಒರೆಸಿಲ್ಲ, ಮಧ್ಯದಲ್ಲಿ ನಿಂತರೆ ಶಟರೂ ನಿಲ್ಲುತ್ತದೆ. ಬೀರುವಿನಲ್ಲಿ ಇಡುವಾಗ ಶಟರ್ ಹೊಡೆದೇ ಇಡಿ, ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಬಿಡಬೇಡಿ. ನಿಮ್ಮೂರ ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಇರಲಿ, ಫಂಗಸ್ ಬಂದರೆ ನಾನೂ ಏನೂ ಮಾಡಲಾರೆ.