ತಾರಸಿಯಲ್ಲಿ ಸ್ಪ್ರೇ ಪೇಂಟಿಂಗ್‌ಗೆ ತಾತ್ಕಾಲಿಕ ಜಾಗ: ಬಲ್ಲವರು ಹೇಳಿ

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ನಾಲ್ಕು ಮರದ ಕುರ್ಚಿ, ಶೂ ರ‍್ಯಾಕಿನ ಬಾಗಿಲುಗಳಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಯುವ ಯೋಚನೆ. 650 ವ್ಯಾಟಿನ ಎಲೆಕ್ಟ್ರಿಕ್ ಎಚ್‌ವಿಎಲ್‌ಪಿ (ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಊದುವ) ಸ್ಪ್ರೇ ಗನ್ ಇದೆ. ತಾರಸಿ ಬಳಸಲು ಓನರ್ ಒಪ್ಪಿದ್ದಾರೆ, ಆದರೆ ಕೆಳಗೆ ಪಕ್ಕದವರ ಕಾರು ನಿಲ್ಲುತ್ತೆ. ಮನೆಯಲ್ಲಿ ಖಾಲಿ ರೂಮೂ ಒಂದಿದೆ. ಎಲ್ಲಿ, ಹೇಗೆ ಮಾಡಲಿ?

ಉತ್ತರ 1: ಜಾಗ ಆಮೇಲೆ, ಮೊದಲು ಎನ್‌ಸಿ ಬಿಡಿ. ಇಂಥ ಗನ್‌ಗಳ ಮೋಟಾರಿನಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಇರುತ್ತೆ, ತಿರುಗುವಾಗ ಕಿಡಿ ಬರುತ್ತೆ. ಎನ್‌ಸಿ ಥಿನ್ನರ್ ರೂಮಿನ ಮಾಮೂಲಿ ಬಿಸಿಗೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ಗನ್ನಿನ ಮ್ಯಾನ್ಯುಯಲ್‌ನಲ್ಲಿ ಫ್ಲ್ಯಾಶ್ ಪಾಯಿಂಟ್ (ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಶುರುವಾಗುವ ಬಿಸಿ) ಎಂಬ ಸಾಲು ಹುಡುಕಿ. ಕೆಲವು ಗನ್ನಿಗೆ 21 ಡಿಗ್ರಿ, ಕೆಲವಕ್ಕೆ 38 ಡಿಗ್ರಿ. ಅದಕ್ಕಿಂತ ಕೆಳಗಿನದ್ದನ್ನು ತುಂಬಬೇಡಿ ಅಂತಲೇ ಬರೆದಿರುತ್ತೆ. ನಿಮ್ಮ ಗನ್ನಿಗೆ ಸರಿಹೋಗೋದು ಸಿಂಗಲ್ ಪ್ಯಾಕ್ (ಹಾರ್ಡನರ್ ಬೆರೆಸದ) ವಾಟರ್‌ಬೇಸ್ ಪಿಯು, ಅಂದರೆ ಪಾಲಿಯುರೆಥೇನ್.

ಕಾರಿಗೂ ಅದೇ ಕ್ಷೇಮ. ಒಣ ಹವೆಯಲ್ಲಿ ವಾಟರ್‌ಬೇಸ್ ತುಂತುರು ಕೆಲವೇ ಅಡಿ ಹೋಗುವಷ್ಟರಲ್ಲಿ ಪುಡಿಯಾಗುತ್ತೆ. ಎನಾಮೆಲ್ (ಆಯಿಲ್ ಪೇಂಟ್) ಹಾಗಲ್ಲ, ಹಸಿಯಾಗಿಯೇ ತೇಲಿ ಹೋಗಿ ಬಾನೆಟ್ ಮೇಲೆ ಕೂತು ಒಣಗುತ್ತೆ. ಕೈಯಾಡಿಸಿದರೆ ಉಪ್ಪುಕಾಗದ! ಯಾವುದೇ ಹೊಡೆದರೂ ಆ ಹೊತ್ತಿಗೆ ಕಾರು ತೆಗೆಸಿ, ಇಲ್ಲವೇ ಕವರ್ ಹಾಕಿಸಿ.

ಉತ್ತರ 2: ತಾರಸಿಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿ ಮರೆ ಮಾಡಲು ಪೆಟ್ಟಿಗೆಯಾಕಾರದ ಚೌಕಟ್ಟಿನ ಲೆಕ್ಕ ಕೊಡ್ತೀನಿ. 25 ಎಂಎಂ ಪಿವಿಸಿ ಪೈಪ್, 3 ಮೀಟರಿನವು ಆರು. ಎಲ್ಲವನ್ನೂ ಅರ್ಧಕ್ಕೆ ಕೊಯ್ದರೆ 1.5 ಮೀಟರಿನ 12 ತುಂಡು. ಮುಂದಿನ ಕೆಳ ಅಂಚು ಬೇಡ (ಕಾಲಿಗೆ ಸಿಕ್ಕುತ್ತೆ), ಹಾಗಾಗಿ ಚೌಕಟ್ಟಿಗೆ 11 ಸಾಕು. ಹನ್ನೆರಡನೆಯದನ್ನು ಮೇಲೆ ಅಡ್ಡ ಕಟ್ಟಿ, ಬಾಗಿಲು ನೇತುಹಾಕಲು. ತ್ರೀ-ವೇ ಕಾರ್ನರ್ ಆರು, ಮುಂದಿನ ಕೆಳಮೂಲೆಗಳಿಗೆ ಮಾಮೂಲಿ ಎಲ್ಬೋ ಎರಡು. ಸಾಲ್ವೆಂಟ್ ಅಂಟು ಹಾಕಬೇಡಿ, ಬಿಚ್ಚಿಡಲು ಬರಲ್ಲ. ಕೆಳಗಿನ ಪೈಪುಗಳಿಗೆ ಮರಳು ತುಂಬಿ ತುದಿಗೆ ಬಟ್ಟೆ ತುರುಕಿ, ಮೇಲೆ ಎರಡೆರಡು ಇಟ್ಟಿಗೆ ಹೇರಿ.

ಪ್ಲಾಸ್ಟಿಕ್ ಹಾಳೆ ದಪ್ಪದ್ದೇ ತನ್ನಿ, ಬಿಗಿಯಾಗಿ ಎಳೆದು ಬೈಂಡರ್ ಕ್ಲಿಪ್ ಹಾಕಿ. ಸಡಿಲ ಬಿಟ್ಟರೆ ಪಟಪಟ ಹೊಡೆದು ಅಂಟಿದ ಪುಡಿಯೆಲ್ಲ ಹಸಿ ಪೇಂಟಿನ ಮೇಲೆ ಉದುರುತ್ತೆ. ನೆಲಕ್ಕೆ ರಟ್ಟು ಹಾಸಿ. ಬರೀ ಪ್ಲಾಸ್ಟಿಕ್ ಆದರೆ ಪುಡಿ ಮತ್ತೆ ಎದ್ದು ಬರುತ್ತೆ.

ಉತ್ತರ 3: ಮೇಲಿನ ಲೆಕ್ಕ ಸರಿ, ಆದರೆ ಹಿಂಬದಿ ಪೂರ್ತಿ ಮುಚ್ಚಬೇಡಿ. ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ತುಂತುರು ಗೋಡೆಗೆ ಬಡಿದು ನಿಮ್ಮ ಮುಖಕ್ಕೇ ವಾಪಸ್. ಹಿಂದಿನ ಹಾಳೆಯಲ್ಲಿ ಸುಮಾರು 60 ಸೆಂ.ಮೀ. ಚೌಕದ ಕಿಟಕಿ ಕೊಯ್ದು, ಏರ್ ಫಿಲ್ಟರ್‌ಗೆ ಬಳಸುವ ಪಾಲಿಯೆಸ್ಟರ್ ಹಾಸು ಅಂಟಿಸಿ. ಗಾಳಿ ನಿಮ್ಮ ಬೆನ್ನಿಗೆ ಬರುವ ಹಾಗೆ ಚೌಕಟ್ಟನ್ನು ತಿರುಗಿಸಿ. ಪೇಂಟ್ ಡಬ್ಬಿ ತೆರೆಯುವ ಮೊದಲು ಊದುಬತ್ತಿ ಹಚ್ಚಿ ಚೌಕಟ್ಟಿನ ತೆರೆದ ಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ನೆಟ್ಟಗೆ ಒಳಗೆ ಹೋಗಿ ಫಿಲ್ಟರಿನಿಂದ ಆಚೆ ಬಂದರೆ ಸರಿ. ಸುತ್ತಿಕೊಂಡು ಹಿಂದಕ್ಕೆ ಬಂದರೆ ಕಿಟಕಿ ಚಿಕ್ಕದಾಯಿತು ಅಂತ. ನೋಡಿದ ಮೇಲೆ ಬತ್ತಿ ಆರಿಸಿ ಕೆಳಗೆ ಕೊಂಡುಹೋಗಿ.

ಖಾಲಿ ರೂಮು ಮಳೆ ಬಂದರೆ ಮಾತ್ರ. ಬಾಗಿಲಲ್ಲಿ ಪೆಡೆಸ್ಟಲ್ ಫ್ಯಾನ್ ಇಟ್ಟು ಒಳಕ್ಕೆ ಊದಿಸಿ, ಕಿಟಕಿಯಿಂದ ಹೊರಹೋಗಲಿ. ಎಕ್ಸಾಸ್ಟ್ ಫ್ಯಾನಿನಿಂದ ಎಳೆಸಿದರೆ ಆವಿ, ಅಂಟು ಎಲ್ಲ ಅದರ ಮೋಟಾರಿನ ಮೇಲೇ ಹಾಯುತ್ತೆ. ಎನಾಮೆಲ್, ಥಿನ್ನರ್ ಮಾತ್ರ ರೂಮಿನಲ್ಲಿ ಬೇಡವೇ ಬೇಡ. ಆ ಆವಿ ಗಾಳಿಗಿಂತ ಭಾರ, ನೆಲದುದ್ದಕ್ಕೂ ಹರಿದು ಪಕ್ಕದ ಫ್ರಿಜ್, ಇನ್ವರ್ಟರ್, ದೇವರ ದೀಪದವರೆಗೂ ಹೋಗುತ್ತೆ.

ಉತ್ತರ 4: ಕುರ್ಚಿಯ ಪ್ರತಿ ಕಾಲಿನ ತಳಕ್ಕೆ ಒಂದೊಂದು ಸ್ಕ್ರೂ ಅರ್ಧ ತಿರುಗಿಸಿ. ನಿಲ್ಲಿಸಿದಾಗ ರಟ್ಟಿಗೆ ಅಂಟಲ್ಲ. ಮೊದಲು ತಲೆಕೆಳಗಾಗಿಟ್ಟು ಒಳಮೈ ಮುಗಿಸಿ, ಆಮೇಲೆ ಸೀಟು, ಬೆನ್ನು. ಪಿಯುಗೆ ನೀರು 5ರಿಂದ 10 ಪರ್ಸೆಂಟ್, ಡಬ್ಬಿಯ ಮೇಲೆ ಬೇರೆ ಹೇಳಿದ್ದರೆ ಅದೇ ಅಂತಿಮ. ನೈಲಾನ್ ಬಟ್ಟೆಯಲ್ಲಿ ಸೋಸಲೇಬೇಕು. ದೂರ 15–20 ಸೆಂ.ಮೀ., ಹಿಂದಿನ ಪಟ್ಟಿಯ ಅರ್ಧದ ಮೇಲೆ ಮುಂದಿನದು. ಈ ಗನ್‌ಗಳ ಗಾಳಿ ಬಿಸಿ, ನಾಜಲ್ ತುದಿಯಲ್ಲೇ ಪೇಂಟ್ ಒಣಗಿ ಆಮೇಲೆ ಉಗುಳಲು ಶುರು. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ.

ಉತ್ತರ 5: ಹವೆ ಯಾರೂ ಹೇಳಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನ ತಾರಸಿ ಗಾಳಿಗೆ ಚೌಕಟ್ಟೇ ಹಾರುತ್ತೆ. ಚಳಿಗಾಲದಲ್ಲಿ ಇಬ್ಬನಿ ಆರಿದ ಮೇಲೆ ಶುರುಮಾಡಿ. ಏಪ್ರಿಲ್ ಮಧ್ಯಾಹ್ನ ಹೊಡೆದರೆ ಹನಿ ತಾಗುವ ಮೊದಲೇ ಒಣಗಿ ಮೈ ಒರಟಾಗುತ್ತೆ. ಸಂಜೆ ಲೈಟ್ ಹಾಕಿದಿರೋ, ಹುಳು ಗ್ಯಾರಂಟಿ. ಮಂಗಳೂರು ಕಡೆಯವರಿಗೆ ತೇವದ್ದೇ ಕಷ್ಟ: ವಾಟರ್‌ಬೇಸ್ ಒಣಗದೆ ಇಳಿಯುತ್ತೆ, ತೆಳು ಕೋಟ್ ಹೊಡೆದು ಕಾಯಬೇಕು. ಕಂಪ್ರೆಸರ್ ಗನ್ನಿನಲ್ಲಿ ಎನ್‌ಸಿ ಹೊಡೆಯುವವರಿಗೆ ಮಳೆಗಾಲದಲ್ಲಿ ಬಿಳಿ ಮಂಜು ಹಿಡಿಯುತ್ತೆ. ಥಿನ್ನರ್ ಬೇಗ ಹಾರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲಿ ಕೂರುತ್ತೆ. ರಿಟಾರ್ಡರ್ (ನಿಧಾನಕ್ಕೆ ಹಾರುವ) ಥಿನ್ನರ್ ಬೆರೆಸಿ ಮೇಲೆ ಒಂದು ಹಗುರ ಕೋಟ್ ಕೊಟ್ಟರೆ ಸಾಮಾನ್ಯವಾಗಿ ಬಿಡುತ್ತೆ.

ಉತ್ತರ 6: ಮಾಸ್ಕ್. ಎನ್95 ಹನಿಯನ್ನು ತಡೆಯುತ್ತೆ, ಆವಿಯನ್ನಲ್ಲ. ಆವಿ ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್, ಅದರ ಮೇಲೆ ಹನಿ ತಡೆಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಹಾಫ್ ಮಾಸ್ಕ್ ತನ್ನಿ. ಗಡ್ಡ ಇದ್ದರೆ ಅದೂ ಸರಿಯಾಗಿ ಕೂರಲ್ಲ. ಹಾರ್ಡನರ್ ಬೆರೆಸುವ 2ಕೆ ಪಿಯು, ವಾಟರ್‌ಬೇಸ್ ಆದರೂ, ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಒಮ್ಮೆ ಆಸ್ತಮಾ ಹಚ್ಚಿತೆಂದರೆ ಆಮೇಲೆ ಚೂರು ತಾಗಿದರೂ ಉಬ್ಬಸ ಬರಬಹುದು.

ಉತ್ತರ 7: ಗನ್ ತೊಳೆದ ನೀರನ್ನು ತಾರಸಿಯ ಮಳೆನೀರಿನ ಪೈಪಿಗೆ ಬಿಡಬೇಡಿ. ಹಳೇ ಬಕೆಟ್ಟಿನಲ್ಲಿ ಮರದ ಹೊಟ್ಟು ಹಾಕಿ ಅದರ ಮೇಲೆ ಸುರಿದು ಒಣಗಿಸಿ ಎಸೆಯಿರಿ. ಮುಂದೆ ಎನಾಮೆಲ್ ಬಳಸಿದರೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಡಸ್ಟ್‌ಬಿನ್‌ಗೆ ಹಾಕಬೇಡಿ. ಎಣ್ಣೆ ಒಣಗುವಾಗ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.