ನೊಕೊಡಜೋಲ್ ತೊಳೆದ ಮೇಲೂ ಸೈಕ್ಲಿನ್ ಬಿ1 ಯಾಕೆ ಇಳಿಯುತ್ತಿಲ್ಲ? (ಹೀಲಾ ಕೋಶಗಳು)

ತುಂಗಾತೀರ:
ಹೀಲಾ ಕೋಶಗಳನ್ನು (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಎಂ ಹಂತದಲ್ಲಿ, ಅಂದರೆ ಕೋಶ ವಿಭಜನೆಯ ಹಂತದಲ್ಲಿ ನಿಲ್ಲಿಸಿ, ಬಿಡುಗಡೆಯ ನಂತರ ಸೈಕ್ಲಿನ್ ಬಿ1 (ಎಂ ಹಂತವನ್ನು ನಡೆಸುವ ಪ್ರೋಟೀನ್) ಹೇಗೆ ಕರಗುತ್ತದೆ ಎಂದು ನೋಡಬೇಕಿದೆ. ಪ್ರೋಟೊಕಾಲ್: 2 ಮಿಲಿಮೋಲಾರ್ ಥೈಮಿಡಿನ್ (ಡಿಎನ್‌ಎ ತಯಾರಿ ನಿಲ್ಲಿಸಲು) 24 ಗಂಟೆ, ತೊಳೆದು 3 ಗಂಟೆ ಬರಿ ಮೀಡಿಯಂ, ಆಮೇಲೆ ಮಿಲಿಲೀಟರಿಗೆ 100 ನ್ಯಾನೊಗ್ರಾಂ ನೊಕೊಡಜೋಲ್ (ಎಂ ಹಂತದಲ್ಲಿ ತಡೆಯುವ ಔಷಧ) 12 ಗಂಟೆ. ಪ್ರೊಪಿಡಿಯಂ ಅಯೊಡೈಡ್ (ಡಿಎನ್‌ಎ ಅಳೆಯುವ ಬಣ್ಣ) ಹಾಕಿ ಫ್ಲೋ ಸೈಟೊಮೀಟರಿನಲ್ಲಿ ನೋಡಿದರೆ ಬಹುಪಾಲು ಕೋಶಗಳು 4ಎನ್ (ಡಿಎನ್‌ಎ ದುಪ್ಪಟ್ಟಾದ) ಶೃಂಗದಲ್ಲೇ ಇವೆ. ಫ್ರಿಜ್‌ನಲ್ಲಿದ್ದ ಪಿಬಿಎಸ್‌ನಿಂದ (ಲವಣ ದ್ರಾವಣ) ಒಮ್ಮೆ ತೊಳೆದು, 0, 1, 2, 3 ಗಂಟೆಗೆ ಇಡೀ ತಟ್ಟೆಯನ್ನು ಲೈಸ್ ಮಾಡಿ (ಕೋಶಗಳನ್ನು ಒಡೆದು) ಪ್ರೋಟೀನ್ ಬ್ಲಾಟ್ ಮಾಡಿದೆ. 3 ಗಂಟೆಗೂ ಸೈಕ್ಲಿನ್ ಬಿ1 ಸುಮಾರು ಅರ್ಧ ಉಳಿದಿದೆ. ಎಪಿಸಿ/ಸಿ (ಸೈಕ್ಲಿನ್‌ಗೆ ನಾಶದ ಗುರುತು ಹಾಕುವ ಕಿಣ್ವ ಸಂಕೀರ್ಣ) ಕೆಲಸ ಮಾಡುತ್ತಿಲ್ಲವೇ?

ಕೋಶಕುತೂಹಲ:
ಎಪಿಸಿ/ಸಿಯನ್ನು ಅನುಮಾನಿಸುವ ಮೊದಲು ತಟ್ಟೆಯಲ್ಲಿ ಏನಿದೆ ನೋಡಿ. 4ಎನ್ ಅಂದರೆ ಎಂ ಎಂದಲ್ಲ. ಡಿಎನ್‌ಎ ಪ್ರತಿಕೃತಿ ಮುಗಿಸಿ ಜಿ2ನಲ್ಲಿ (ಎಂಗೆ ಮುಂಚಿನ ಹಂತ) ಕಾಯುತ್ತಿರುವ ಕೋಶವೂ 4ಎನ್. ಅದರಲ್ಲೂ ಸೈಕ್ಲಿನ್ ಬಿ1 ತುಂಬಿರುತ್ತದೆ, ಆದರೆ ವೀ1 ಕೈನೇಸ್ ಸಿಡಿಕೆ1ರ (ಸೈಕ್ಲಿನ್ ಬಿ1 ಜೊತೆಗೂಡುವ ಕಿಣ್ವ) ಟೈರೊಸಿನ್ 15ಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ಸುಮ್ಮನಿರಿಸಿರುತ್ತದೆ. ಸಿಡಿಸಿ25 ಕಿಣ್ವ ಆ ಫಾಸ್ಫೇಟ್ ಕಿತ್ತ ಮೇಲೆಯೇ ಎಂ ಹಂತ ಶುರು. ಇಡೀ ತಟ್ಟೆ ಲೈಸ್ ಮಾಡಿದಾಗ ಈ ಜಿ2 ಕೋಶಗಳ ಸೈಕ್ಲಿನ್ ಕೂಡ ನಿಮ್ಮ ಬ್ಲಾಟ್ ಪಟ್ಟಿಯೊಳಗೆ (ಬ್ಯಾಂಡ್) ಸೇರುತ್ತದೆ.

ಮಾಡಬೇಕಾದ್ದು: ಔಷಧ ಇರುವಾಗಲೇ ತಟ್ಟೆಯ ಬದಿಯನ್ನು ಅಂಗೈಯಿಂದ ತಟ್ಟಿ, ಗುಂಡಗಾಗಿ ಸಡಿಲವಾದ ಕೋಶಗಳನ್ನು ಮಾತ್ರ ಸಂಗ್ರಹಿಸಿ. ಟ್ರಿಪ್ಸಿನ್ ಬೇಡ. ಅಂಟಿಕೊಂಡೇ ಉಳಿದವು ಬಹುತೇಕ ಜಿ2 ಮತ್ತು ಹಿಂದುಳಿದವು. 0 ಗಂಟೆಯ ಬ್ಲಾಟ್‌ನಲ್ಲಿ ಸೈಕ್ಲಿನ್ ಎ2 (ಅದೇ ಕುಟುಂಬದ ಇನ್ನೊಂದು ಪ್ರೋಟೀನ್) ಕೂಡ ಹಾಕಿ. ನೊಕೊಡಜೋಲ್ ಇದ್ದರೂ ಎ2 ಪ್ರೊಮೆಟಾಫೇಸ್‌ನಲ್ಲೇ (ಎಂ ಹಂತದ ಆರಂಭದ ಭಾಗ) ನಾಶವಾಗುತ್ತದೆ, ಚೆಕ್‌ಪಾಯಿಂಟ್ (ವರ್ಣತಂತುಗಳ ಜೋಡಣೆ ಮುಗಿಯುವವರೆಗೆ ವಿಭಜನೆ ತಡೆಯುವ ವ್ಯವಸ್ಥೆ) ಅದನ್ನು ಕಾಪಾಡುವುದಿಲ್ಲ. ಹಾಗಾಗಿ 0 ಗಂಟೆಯಲ್ಲಿ ಎ2 ಪಟ್ಟಿ ದಪ್ಪಗಿದ್ದರೆ ಜಿ2 ಬೆರಕೆ ಖಚಿತ. ಫ್ಲೋನಲ್ಲಿ ಹಿಸ್ಟೋನ್ ಎಚ್3ಯ ಸೆರೀನ್ 10 ಫಾಸ್ಫೊ ಆ್ಯಂಟಿಬಾಡಿಯನ್ನೂ ಸೇರಿಸಿ. ಈ ಎಂ ಹಂತದ ಗುರುತು ಜಿ2 ಕೊನೆಯಲ್ಲೇ ಸಣ್ಣದಾಗಿ ಶುರುವಾಗುತ್ತದೆ, ಆದ್ದರಿಂದ ಗೇಟನ್ನು ಹೆಚ್ಚು ಹೊಳೆಯುವ ಗುಂಪಿಗೆ ಮಾತ್ರ ಎಳೆಯಿರಿ.

ಮೈಕ್ರೊಟ್ಯೂಬುಲ್:
ಬೆರಕೆ ನಿಜ, ಆದರೆ ತೊಳೆಯುವ ರೀತಿಯೂ ಅಷ್ಟೇ ಮುಖ್ಯ. ನೊಕೊಡಜೋಲ್ ಟ್ಯುಬುಲಿನ್‌ಗೆ ಅಂಟಿ ಮೈಕ್ರೊಟ್ಯೂಬುಲ್ ಕಟ್ಟದಂತೆ ತಡೆಯುತ್ತದೆ. ಚಳಿಯೂ ಅದನ್ನೇ ಮಾಡುತ್ತದೆ! ತಣ್ಣನೆ ಪಿಬಿಎಸ್ ಸುರಿದರೆ ಔಷಧ ಹೋದರೂ ಸ್ಪಿಂಡಲ್ (ವರ್ಣತಂತುಗಳನ್ನು ಎಳೆಯುವ ಮೈಕ್ರೊಟ್ಯೂಬುಲ್‌ಗಳ ಚೌಕಟ್ಟು) ತಡವಾಗಿ ಕಟ್ಟುತ್ತದೆ, ನಿಮ್ಮ '0 ಗಂಟೆ' ನಿಜವಾದ 0 ಆಗಿರುವುದಿಲ್ಲ. 37 ಡಿಗ್ರಿಯ ಮೀಡಿಯಂನಲ್ಲಿ ಮೂರು ಬಾರಿ ತೊಳೆಯಿರಿ, ಪ್ರತಿ ಬಾರಿ ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ (ಸುಮಾರು 200 ಜಿ, 3 ನಿಮಿಷ), ಕೊನೆಗೆ ಹೊಸ ತಟ್ಟೆಗೆ ಹಾಕಿ.

ಎಪಿಸಿ/ಸಿ ಬಗ್ಗೆ ಒಂದು ಮಾತು. ಜೋಡಣೆಯಾಗದ ಕೈನೆಟೊಕೋರ್‌ಗಳು (ವರ್ಣತಂತುವನ್ನು ಸ್ಪಿಂಡಲ್‌ಗೆ ಹಿಡಿಸುವ ರಚನೆಗಳು) ಮ್ಯಾಡ್2, ಬಬ್ಆರ್1, ಬಬ್3 ಮತ್ತು ಸಿಡಿಸಿ20 ಸೇರಿದ ತಡೆ ಸಂಕೀರ್ಣವನ್ನು ಉತ್ಪಾದಿಸುತ್ತಲೇ ಇರುತ್ತವೆ. ಒಂದೇ ಒಂದು ಕೈನೆಟೊಕೋರ್ ಸ್ಪಿಂಡಲ್‌ಗೆ ಸೇರದೆ ಉಳಿದರೂ ಅನಾಫೇಸ್ (ವರ್ಣತಂತುಗಳು ಬೇರ್ಪಡುವ ಘಟ್ಟ) ತಡವಾಗುತ್ತದೆ. ಉಳಿಕೆ ಔಷಧ ಸ್ವಲ್ಪವೇ ಇದ್ದರೂ ಫಲಿತಾಂಶ ಕೆಡುವುದು ಇದೇ ಕಾರಣಕ್ಕೆ. ಕೊನೆಯ ಜೋಡಣೆ ಮುಗಿದ ನಂತರ ಸಿಡಿಸಿ20 ಎಪಿಸಿ/ಸಿಯನ್ನು ಚಾಲೂ ಮಾಡುತ್ತದೆ. ಆಗ ಸೆಕ್ಯುರಿನ್ (ವರ್ಣತಂತುಗಳು ಬೇರ್ಪಡದಂತೆ ತಡೆಹಿಡಿಯುವ ಪ್ರೋಟೀನ್) ಮತ್ತು ಸೈಕ್ಲಿನ್ ಬಿ1 ಒಟ್ಟಿಗೇ ಇಳಿಯುತ್ತವೆ.

ಅನಾಫೇಸ್ ಸೇತುವೆ:
ಇಬ್ಬರೂ 12 ಗಂಟೆಯ ನೊಕೊಡಜೋಲ್ ಬಗ್ಗೆ ಏನೂ ಹೇಳಲಿಲ್ಲ. ಸಮಯ ಉದ್ದವಾದಷ್ಟೂ ಸೈಕ್ಲಿನ್ ಬಿ1 ಮೆಲ್ಲಗೆ ಸೋರುತ್ತಾ ಹೋಗುತ್ತದೆ, ಚೆಕ್‌ಪಾಯಿಂಟ್ ಜಾರಿಯಲ್ಲಿದ್ದರೂ ಸಹ. ಮಿತಿಗಿಂತ ಕೆಳಗಿಳಿದರೆ ಕೋಶ ವಿಭಜನೆಯಾಗದೆಯೇ ಎಂ ಹಂತದಿಂದ ಜಾರಿ ಹೊರಬರುತ್ತದೆ: 4ಎನ್ ಇರುವ, ಚೂರುಚೂರು ಕೋಶಕೇಂದ್ರದ ಜಿ1 ಕೋಶ. ಇದು ನಿಮ್ಮ ಸಮಸ್ಯೆಗೆ ಉತ್ತರವಲ್ಲ, ತದ್ವಿರುದ್ಧ ಮೋಸ: ಸೈಕ್ಲಿನ್ ಇಳಿದಂತೆ ಕಾಣುತ್ತದೆ, ಬಿಡುಗಡೆ ಮಾತ್ರ ಆಗಿರುವುದಿಲ್ಲ. ಹೀಲಾದಲ್ಲಿ ಎಚ್‌ಪಿವಿ-18ರ ಇ6 ಪ್ರೋಟೀನ್ ಪಿ53ಯನ್ನು, ಇ7 ಆರ್‌ಬಿಯನ್ನು (ಎರಡೂ ಕೋಶಚಕ್ರಕ್ಕೆ ತಡೆ ಹಾಕುವ ಪ್ರೋಟೀನ್‌ಗಳು) ಕೆಡಿಸಿರುವುದರಿಂದ ಇಂಥ ಕೋಶಗಳು ಮತ್ತೆ ಎಸ್ ಹಂತಕ್ಕೆ (ಡಿಎನ್‌ಎ ಪ್ರತಿಕೃತಿಯ ಹಂತ) ಹೋಗಬಲ್ಲವು. ಹಿಸ್ಟೊಗ್ರಾಂನಲ್ಲಿ 8ಎನ್ ಕಡೆ ಬಾಲ ಬೆಳೆದಿದೆಯೇ ನೋಡಿ.

ನನ್ನ ಆಯ್ಕೆ: 9 ಮೈಕ್ರೊಮೋಲಾರ್ ಆರ್‌ಒ-3306ರಿಂದ ಜಿ2 ಕೊನೆಯಲ್ಲೇ ನಿಲ್ಲಿಸುವುದು. ಅದು ಸಿಡಿಕೆ1ನ್ನೇ ತಡೆಯುತ್ತದೆ, ಸ್ಪಿಂಡಲ್‌ಗೆ ಕೈ ಹಾಕುವುದಿಲ್ಲ. ತೊಳೆದ ಒಂದು ಗಂಟೆಯೊಳಗೆ ಕೋಶಗಳು ಎಂ ಹಂತಕ್ಕೆ ನುಗ್ಗುತ್ತವೆ. ಥೈಮಿಡಿನ್ ನಂತರ ಬಳಸುವುದಾದರೆ ಒಂದು ಎಚ್ಚರಿಕೆ: ಥೈಮಿಡಿನ್ ಡಿಸಿಟಿಪಿ (ಡಿಎನ್‌ಎ ಕಟ್ಟುವ ಒಂದು ಇಟ್ಟಿಗೆ) ಕೊರತೆ ಉಂಟುಮಾಡಿ ಡಿಎನ್‌ಎ ತಯಾರಿಯನ್ನಷ್ಟೇ ನಿಲ್ಲಿಸುತ್ತದೆ, ಕೋಶದ ಗಾತ್ರ ಮತ್ತು ಪ್ರೋಟೀನ್‌ಗಳು ಬೆಳೆಯುತ್ತಲೇ ಇರುತ್ತವೆ.

ತುಂಗಾತೀರ:
ಸೈಕ್ಲಿನ್ ಬಿ1 ಇಳಿಯುವುದು ಪ್ರೋಟಿಯಸೋಮ್‌ನಿಂದಲೇ (ಗುರುತು ಹಾಕಿದ ಪ್ರೋಟೀನ್ ಒಡೆಯುವ ಸಂಕೀರ್ಣ) ಎಂದು ತೋರಿಸಲು ಯಾವ ಕಂಟ್ರೋಲ್ ಇಡಲಿ?

ಮೈಕ್ರೊಟ್ಯೂಬುಲ್:
ತೊಳೆದ ಮೇಲೆ ಅರ್ಧ ಕೋಶಗಳಿಗೆ 10 ಮೈಕ್ರೊಮೋಲಾರ್ ಎಂಜಿ132 (ಪ್ರೋಟಿಯಸೋಮ್ ತಡೆಯುವ ಔಷಧ) ಹಾಕಿ. ಸ್ಪಿಂಡಲ್ ಕಟ್ಟಿಕೊಂಡು ಮೆಟಾಫೇಸ್‌ನಲ್ಲೇ (ಅನಾಫೇಸ್‌ಗೆ ಮುಂಚಿನ ಘಟ್ಟ) ನಿಲ್ಲುತ್ತವೆ, ಬಿ1 ಉಳಿಯುತ್ತದೆ. 2 ಗಂಟೆ ಮೀರಿಸಬೇಡಿ, ಹೆಚ್ಚು ಹೊತ್ತು ಬಿಟ್ಟರೆ ಕ್ರೋಮ್ಯಾಟಿಡ್‌ಗಳು ಹರಿದು ಬೇರೆಯಾಗಲು ಶುರುವಾಗುತ್ತವೆ. ಮಾದರಿ 15 ನಿಮಿಷಕ್ಕೊಂದು ತೆಗೆಯಿರಿ. ಒಂದೊಂದು ಕೋಶದಲ್ಲಿ ಈ ಇಳಿತ ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಕೆಲಸ, ಒಂದು ಗಂಟೆಯ ಅಂತರದಲ್ಲಿ ಅದು ಸಿಗುವುದಿಲ್ಲ.